‘ಕೊಳೆರೋಗ’ವೆಂಬ ಹೆಸರೂ ಅಡಕೆಯ ತೋಟವೂ

ಕನ್ನಡದ ಆಡುಮಾತೊಂದು ಸಸ್ಯಶಾಸ್ತ್ರದ ಲ್ಯಾಟಿನ್ ನಾಮಾವಳಿಯನ್ನು ಸೇರಿಕೊಂಡಿರುವುದು ಅಪೂರ್ವವಾದ ಸಂಗತಿ. ಮೈಸೂರು ಸೀಮೆಯ ಕಾಫಿ ಎಲೆಗಳನ್ನು ಕಪ್ಪಾಗಿಸಿ ಕೊಳೆಯಿಸುತ್ತಿದ್ದ ಶಿಲೀಂಧ್ರಕ್ಕೆ ಆಂಗ್ಲ ವಿದ್ವಾಂಸನಾದ ಎಂ. ಸಿ. ಕುಕ್ ೧೮೭೬ರಲ್ಲಿ ‘ಪೆಲ್ಲಿಕ್ಯುಲೇರಿಯ ಕೊಳೆರೋಗ’ವೆಂದು ಹೆಸರಿಟ್ಟನು. ಬೇಸಾಯಗಾರರ ನಾಲಗೆಯ ಮೇಲಿದ್ದ ಶಬ್ದವನ್ನು ಅನುವಾದಿಸದೆ ಹಾಗೆಯೇ ಎತ್ತಿಕೊಂಡದ್ದು ಉಚಿತವಾಗಿಯೇ ಇದೆ. ಆದರೆ ಮಲೆನಾಡಿನಲ್ಲಿ ಮನೆಗೆ ಹೊಂದಿಕೊಂಡ ತೋಟವುಳ್ಳವರು ‘ಕೊಳೆ’ಯೆಂದಾಗ ಅವರ ಮನಸ್ಸಿನಲ್ಲಿರುವುದು ಬಹುಮಟ್ಟಿಗೆ ಅಡಕೆಯೇ. ಕರಾವಳಿಯಲ್ಲಿ ಇದಕ್ಕೆ ‘ಮಹಾಳಿ’ಯೆಂಬ ಹೆಸರೂ ಉಂಟು.

‘ಕೊಳೆ’ಯೆಂಬುದು ಕ್ರಿಯೆಯೂ ಹೌದು, ನಾಮವೂ ಹೌದು, ‘ಕೊಳಕು’ ಅದರ ಬಳಗದ ಮಾತು. ಕಣ್ಣಿಗೆ ಕಂಡದ್ದನ್ನು ಹೇಳುವ ಶಬ್ದವಿದು, ಕಾರಣವನ್ನು ಹೇಳುವುದಲ್ಲ. ಆದುದರಿಂದಲೇ ಒಂದೇ ಹೆಸರು ಎರಡು ಬೇರೆ ಬೇರೆ ರೋಗಗಳಿಗೆ ಸಂದಿತು. ಕಾಫಿಯದು ನಿಜವಾದ ಶಿಲೀಂಧ್ರ. ಅದರ ನೂಲಿನಂಥ ಎಳೆಗಳಿಗೆ ಸಿಕ್ಕಿ ಕೊಳೆತ ಎಲೆಗಳು ಕೊಂಬೆಯಿಂದ ಜೋತಾಡುತ್ತಿರುತ್ತವೆ. ಅಡಕೆಯದು ‘ಫೈಟಾಫ್ತೊರ’ ಎಂಬ ಕುಲದ ಜೀವಿ. ಇದನ್ನು ಬಹುಕಾಲ ಶಿಲೀಂಧ್ರವೆಂದೇ ಎಣಿಸಿದ್ದರೂ, ಈಗಿನ ಶಾಸ್ತ್ರಜ್ಞರು ಅಣಬೆಯ ಬಳಗದಿಂದ ಇದನ್ನು ಬೇರ್ಪಡಿಸಿ ನೀರಿನ ಪಾಚಿಗಳ ನಂಟಿನಲ್ಲಿ ಇರಿಸಿದ್ದಾರೆ.

ಆ ನೀರಿನ ನಂಟೇ ಇಲ್ಲಿ ಮುಖ್ಯವಾದುದು. ಮಳೆ ಹಿಡಿದು ಹೊಯ್ಯುವಾಗ ಎಳೆಯ ಅಡಕೆಯ ತೊಟ್ಟಿನ ಬಳಿ ನೀರು ಕುಡಿದಂಥ ಕಡುಹಸುರು ಕಲೆ ಮೂಡುತ್ತದೆ, ಕಾಯಿಯ ಹೊಳಪು ಮಾಸುತ್ತದೆ, ಮೇಲೆ ಬಿಳಿಯ ಬೂಷ್ಟು ಕವಿಯುತ್ತದೆ, ಕಾಯಿ ಉದುರುತ್ತದೆ. ಬೂಷ್ಟಿನಲ್ಲಿ ಹುಟ್ಟುವ ಬೀಜಾಣುಗಳಿಗೆ ಬಾಲಗಳುಂಟು. ಕಾಯಿಯ ಮೇಲಿನ ನೀರಿನ ಪದರದಲ್ಲಿ ಅವು ಈಜುತ್ತವೆ. ಮಳೆಯ ಹನಿ ಸಿಡಿದಂತೆಲ್ಲ, ಗಾಳಿ ಬೀಸಿದಂತೆಲ್ಲ ಒಂದು ಕೊನೆಯಿಂದ ಮತ್ತೊಂದಕ್ಕೆ ಹಾಯುತ್ತವೆ. ಫಲನಾಶವೊಂದೇ ಆಗಿದ್ದರೆ ಮುಂದಿನ ವರುಷದ ಆಸೆಯಾದರೂ ಉಳಿದೀತು. ಕೊಳೆ ಸುಳಿಗೆ ಇಳಿದರೆ ಮರವೇ ಸಾಯುತ್ತದೆ, ಏಕೆಂದರೆ ಅಡಕೆಗೆ ಸುಳಿ ಒಂದೇ. ಅದು ಮಾವು ಹಲಸುಗಳಂತೆ ಬೇರೆ ಕವಲೊಡೆದು ಬದುಕಲಾರದು.

ಈಜುವ ಬೀಜಾಣುವನ್ನು ಹಿಂದಿನವರು ಕಂಡಿರಲಿಲ್ಲ, ಮಳೆಯನ್ನು ಕಂಡಿದ್ದರು. ಅದರಿಂದ ಹುಟ್ಟಿದುದು ಕೊಟ್ಟೆ ಕಟ್ಟುವ ಪದ್ಧತಿ. ಕರಡದ ಹುಲ್ಲಿನಿಂದಲೋ ಅಡಕೆಯ ಹಾಳೆಯಿಂದಲೋ ಮಾಡಿದ ಹೊದಿಕೆಯನ್ನು ಮುಂಗಾರಿಗೆ ಮೊದಲೇ ಒಂದೊಂದು ಕೊನೆಗೂ ಕಟ್ಟುತ್ತಿದ್ದರು. (ಕೊಟ್ಟೆಕಡುಬಿನ ‘ಕೊಟ್ಟೆ’ಯೂ ಇದೇ ಮಾತು, ಅಲ್ಲಿ ಹಿಟ್ಟನ್ನು ಒಳಗಿಡುವ ಎಲೆಯ ಪಾತ್ರೆ, ಇಲ್ಲಿ ಮಳೆಯನ್ನು ಹೊರಗಿಡುವ ಕವಚ.) ಕಾಯಿ ನೆನೆಯದಿದ್ದರೆ ಕೊಳೆಯದು ಎಂಬ ಈ ತಿಳಿವಳಿಕೆಯನ್ನು ಮೂಢಾಚಾರವೆಂದು ತಳ್ಳುವುದು ಅನ್ಯಾಯ. ಮರಮರಕ್ಕೂ ಹತ್ತುವ ಶ್ರಮವು ಮಾತ್ರ ಸಾಮಾನ್ಯವಾದುದಲ್ಲ.

೧೯೦೮ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾ ದೇಶದ ಲೆಸ್ಲಿ ಕೋಲ್ಮನ್ ಈ ರೋಗವನ್ನು ಶಾಸ್ತ್ರೀಯವಾಗಿ ಪರೀಕ್ಷಿಸಿ ೧೯೧೦ರಲ್ಲಿ ವಿವರ ಪ್ರಕಟಿಸಿದನು. ಬೋರ್ಡೋ ದ್ರಾವಣದ ಸಿಂಪಡಣೆಯನ್ನು ತೋಟಗಳಲ್ಲಿ ಬಳಕೆಗೆ ತಂದನು. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿಯನ್ನು ಕದಿಯದಂತೆ ದಾರಿಯಂಚಿನ ಬಳ್ಳಿಗಳಿಗೆ ಮೈಲುತುತ್ತ ಬೆರೆಸಿದ ಸುಣ್ಣವನ್ನು ಎರಚುವ ವಾಡಿಕೆಯಿತ್ತು. ಆ ಬಳ್ಳಿಗಳಿಗೆ ರೋಗ ತಗಲದಿದ್ದುದನ್ನು ೧೮೮೨ರಲ್ಲಿ ಗಮನಿಸಿದ ಮಿಲಾರ್ಡೆ ಎಂಬ ಪ್ರಾಧ್ಯಾಪಕನು ೧೮೮೫ರಲ್ಲಿ ಈ ಔಷಧವನ್ನು ಲೋಕಕ್ಕೆ ತಿಳಿಸಿದನು.

ತಯಾರಿಕೆ ಸುಲಭ, ಆದರೆ ಅಜಾಗರೂಕತೆಯನ್ನು ಅದು ಸಹಿಸದು. ೧ ಕಿಲೋ ಮೈಲುತುತ್ತವನ್ನು ೫೦ ಲೀಟರು ನೀರಿನಲ್ಲಿಯೂ, ೧ ಕಿಲೋ ಸುಣ್ಣವನ್ನು ಬೇರೆ ೫೦ ಲೀಟರಿನಲ್ಲಿಯೂ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಕದಡುತ್ತ ಸುರಿಯಬೇಕು. ಕಬ್ಬಿಣದ ಪಾತ್ರೆ ಕೂಡದು. ಉಜ್ಜಿ ಬೆಳಗಿದ ಚೂರಿಯನ್ನು ಅದ್ದಿ ನೋಡಿದಾಗ ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದೆಂದರ್ಥ; ಆ ಕೊರತೆಯನ್ನು ತುಂಬದೆ ಹೊಡೆದರೆ ಔಷಧವೇ ಹಿಂಗಾರವನ್ನೂ ಎಳೆಗಾಯನ್ನೂ ಸುಡುತ್ತದೆ. ಮಾಡಿದ ದಿನವೇ ಇದನ್ನು ಬಳಸತಕ್ಕದ್ದು.

ಈ ದ್ರಾವಣ ತಡೆಯೇ ಹೊರತು ಚಿಕಿತ್ಸೆಯಲ್ಲ. ಕೊಳೆತ ಕಾಯಿಯನ್ನು ಅದು ಬದುಕಿಸದು. ಆದಕಾರಣ ಮೊದಲನೆಯ ಸಿಂಪಡಣೆ ಮುಂಗಾರಿಗೆ ಮುಂಚೆ ಮುಗಿದಿರಬೇಕು. ಸುಮಾರು ೪೦-೪೫ ದಿನಗಳ ಮೇಲೆ, ಮಳೆ ಬಿಡುವು ಕೊಟ್ಟ ಹೊತ್ತು ನೋಡಿ ಎರಡನೆಯದಾಗಬೇಕು. ಬಹುಜನ ತಪ್ಪುವುದು ಇಲ್ಲಿಯೇ. ಕಾಯಿ ಉದುರತೊಡಗಿದ ಮೇಲೆ ಕೊನೆಗಾರನನ್ನು ಹುಡುಕಲು ಹೊರಡುತ್ತಾರೆ. ಆ ಹೊತ್ತಿಗೆ ಊರಿನ ತೋಟದವರೆಲ್ಲರೂ ಅವನನ್ನೇ ಹುಡುಕುತ್ತಿರುತ್ತಾರೆ. ಉದುರಿದ ಕಾಯಿಗಳನ್ನೂ ಮರದಲ್ಲೇ ಒಣಗಿ ನಿಂತ ಕೊನೆಗಳನ್ನೂ ತೆಗೆದು ಸುಡುವ ಕೆಲಸವನ್ನಂತೂ ಕೇಳುವವರೇ ಕಡಮೆ. ಮುಂದಿನ ಮಳೆಗಾಲದ ಕೊಳೆ ಕಾದು ಕುಳಿತಿರುವುದು ಅವುಗಳಲ್ಲಿಯೇ. ಬೇಲಿಯಾಚೆಯ ತೋಟಕ್ಕೆ ಅದು ದಾಟುವುದಕ್ಕೆ ಒಂದು ಗಾಳಿಮಳೆ ಸಾಕು.