ಮೈಕ್ರೋವೇವ್‌ನಲ್ಲಿ ಒಣಗುವ ಹೂವು

ಹೂವನ್ನು ದಪ್ಪ ಪುಸ್ತಕದ ಹಾಳೆಗಳ ನಡುವೆ ಒತ್ತಿಟ್ಟರೆ ಒಣಗಲು ಎರಡು ಮೂರು ವಾರ ಹಿಡಿಯುತ್ತದೆ. ಅಷ್ಟರೊಳಗೆ ಎಷ್ಟೋ ಹೂವುಗಳ ಬಣ್ಣ ಕಂದಿರುತ್ತದೆ. ಮಳೆಗಾಲವಾದರೆ ಬೂಷ್ಟೂ ಹಿಡಿದಿರುತ್ತದೆ. ಮೈಕ್ರೋವೇವ್ ಒಲೆಯಲ್ಲಿ ಅದೇ ಕೆಲಸ ಕೆಲವು ನಿಮಿಷಗಳದ್ದು. ಬಣ್ಣವೂ ಬಹುಮಟ್ಟಿಗೆ ಉಳಿಯುತ್ತದೆ.

ತಾಜಾ ದಳದ ತೂಕದಲ್ಲಿ ಸಾಮಾನ್ಯವಾಗಿ ನೂರಕ್ಕೆ ಎಂಬತ್ತು ಪಾಲಿಗೂ ಹೆಚ್ಚು ನೀರು. ಜೀವಕೋಶಗಳೊಳಗಿನ ಈ ನೀರಿನ ಒತ್ತಡದಿಂದಲೇ ದಳ ಬಿಗಿಯಾಗಿ ಅರಳಿ ನಿಲ್ಲುತ್ತದೆ. ಕಿತ್ತ ಹೂವು ಬಾಡತೊಡಗಿದಾಗ ಕೋಶಗಳ ಒಳಪೊರೆಗಳು ಹರಿದು, ಅಲ್ಲಿಯವರೆಗೆ ಬೇರೆ ಬೇರೆಯಾಗಿದ್ದ ಕಿಣ್ವಗಳೂ ಫೀನಾಲ್ ಸಂಯುಕ್ತಗಳೂ ಒಂದಕ್ಕೊಂದು ಬೆರೆಯುತ್ತವೆ. ಗಾಳಿಯ ಆಮ್ಲಜನಕವೂ ಸೇರಿದರೆ ಕಂದು ಬಣ್ಣ ಮೂಡುತ್ತದೆ. ಹೆಚ್ಚಿಟ್ಟ ಬದನೆಕಾಯಿ ಕಪ್ಪಾಗುವುದೂ ಇದೇ ಕ್ರಿಯೆಯಿಂದ. ಇದು ನಡೆಯಲು ತೇವ ಬೇಕು, ಸಮಯವೂ ಬೇಕು. ಬೇಗ ಒಣಗಿಸಿದರೆ ಎರಡೂ ಸಿಗುವುದಿಲ್ಲ. ಸಾಲದ್ದಕ್ಕೆ ಬಿಸಿ ತಾಗಿ ಕಿಣ್ವಗಳೇ ಕೆಲಸ ನಿಲ್ಲಿಸುತ್ತವೆ.

ಈ ಬಿಸಿಯನ್ನು ಹುಟ್ಟಿಸುವ ಅಲೆಗಳು ಬರುವುದು ಮ್ಯಾಗ್ನೆಟ್ರಾನ್ ಎಂಬ ನಳಿಕೆಯಿಂದ. ಎರಡನೇ ಮಹಾಯುದ್ಧದ ರಾಡಾರ್‌ಗಳಲ್ಲಿ ಬಳಕೆಯಾದ ಈ ಸಾಧನದಿಂದ ಆಹಾರ ಬಿಸಿ ಮಾಡಬಹುದೆಂದು ಕಂಡುಕೊಂಡು, 1945ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದವರು ಅಮೆರಿಕದ ರೇಥಿಯಾನ್ ಕಂಪನಿಯ ಎಂಜಿನಿಯರ್ ಪರ್ಸಿ ಸ್ಪೆನ್ಸರ್. ಇಂದಿನ ಮನೆಬಳಕೆಯ ಒಲೆಗಳ ಅಲೆ ಸೆಕೆಂಡಿಗೆ ಸುಮಾರು 245 ಕೋಟಿ ಬಾರಿ ಕಂಪಿಸುತ್ತದೆ. ನೀರಿನ ಅಣುವಿನ ಒಂದು ಬದಿ ತುಸು ಧನ, ಇನ್ನೊಂದು ಬದಿ ತುಸು ಋಣ. ಅಲೆಯ ವಿದ್ಯುತ್ ಕ್ಷೇತ್ರ ದಿಕ್ಕು ಬದಲಿಸಿದಂತೆಲ್ಲ ಅಣುಗಳೂ ಅದರೊಂದಿಗೆ ತಿರುಗಲು ಹೆಣಗುತ್ತವೆ, ಪಕ್ಕದ ಅಣುಗಳನ್ನು ತಳ್ಳುತ್ತವೆ. ಆ ತಳ್ಳಾಟವೇ ಶಾಖ. ಒಣ ಕಾಗದ ಈ ಅಲೆಗಳನ್ನು ಅಷ್ಟಾಗಿ ಹೀರುವುದಿಲ್ಲ. ಆದ್ದರಿಂದ ಶಾಖ ಹೆಚ್ಚಾಗಿ ಹುಟ್ಟುವುದು ದಳದೊಳಗಿನ ನೀರಿನಲ್ಲಿಯೇ.

ಇಲ್ಲಿ ಒಂದು ಸಂಗತಿಯನ್ನು ಚೆನ್ನಾಗಿ ಗಮನಿಸಬೇಕು. ಒಲೆ ಮಾಡುವುದು ನೀರನ್ನು ಆವಿಯಾಗಿಸುವ ಕೆಲಸ ಮಾತ್ರ. ಆ ಆವಿಯನ್ನು ಹೀರಿಕೊಳ್ಳುವುದು ಕಾಗದ; ಅದು ಹೊರಗೆ ಹೋಗುವುದು ನಾವು ಬಾಗಿಲು ತೆರೆದು ಕೊಡುವ ಬಿಡುವಿನಲ್ಲಿ. ಬಿಡುವಿಲ್ಲದೆ ಬಿಸಿ ಮಾಡಿದರೆ ಆವಿ ಅಲ್ಲೇ ಸಿಕ್ಕಿಕೊಂಡು ಹೂವು ಬೆಂದುಹೋಗುತ್ತದೆ. ಹೂವು ಚೆನ್ನಾಗಿ ಒಣಗುವುದು ಒಲೆ ನಡೆಯುವ ಹೊತ್ತಿನಷ್ಟೇ ನಿಂತಿರುವ ಹೊತ್ತಿನಲ್ಲೂ.

ಬೇಕಾಗುವುದು ಇಷ್ಟೇ: ಲೋಹದ ಬಣ್ಣವಾಗಲಿ ಗೆರೆಯಾಗಲಿ ಇಲ್ಲದ ಎರಡು ಸಾದಾ ಸೆರಾಮಿಕ್ ಟೈಲ್ಸ್, ಶಾಯಿ ಹೀರುವ ಕಾಗದ, ಒಂದೆರಡು ರಬ್ಬರ್ ಬ್ಯಾಂಡ್. ಇಬ್ಬನಿ ಆರಿದ ಮೇಲೆ ಕಿತ್ತ ಹೂವನ್ನು ಕಾಗದಗಳ ನಡುವೆ ಹರಡಿ, ಟೈಲ್ಸ್‌ಗಳ ನಡುವೆ ಇಟ್ಟು ಬಿಗಿಯಿರಿ. ನೀರು ಹೋದ ಕೋಶಗಳು ಕುಸಿದು ದಳ ಸುರುಟಿಕೊಳ್ಳದಂತೆ ತಡೆಯುವುದು ಈ ಒತ್ತಡವೇ. ಕಡಿಮೆ ಶಕ್ತಿಯಲ್ಲಿ ಅರ್ಧ ನಿಮಿಷ ನಡೆಸಿ, ಬಟ್ಟೆ ಹಿಡಿದು ಹೊರತೆಗೆದು, ಬಿಚ್ಚಿ ಆವಿ ಹೋಗಲು ಬಿಡಿ. ಟೈಲ್ಸ್ ತಣ್ಣಗಾದ ಮೇಲೆ ಒದ್ದೆ ಕಾಗದ ಬದಲಿಸಿ ಮತ್ತೆ ಇಡಿ. ದಳ ಕಾಗದದಂತೆ ಗರಿಗರಿಯಾಗುವ ಮುನ್ನವೇ ನಿಲ್ಲಿಸಿ, ಉಳಿದ ಪಸೆ ಆರಲು ಒಂದು ರಾತ್ರಿ ಭಾರದ ಪುಸ್ತಕದ ಅಡಿಯಲ್ಲಿಡಿ.

ಪಿನ್, ಕ್ಲಿಪ್, ಜರಿ ಯಾವುದೂ ಒಳಗೆ ಹೋಗಬಾರದು. ಲೋಹದ ಚೂರಿದ್ದರೆ ಕಿಡಿ ಹಾರುತ್ತದೆ. ಮರುಬಳಕೆಯ ಕಾಗದದಲ್ಲೂ ಲೋಹದ ಕಣಗಳಿರಬಹುದು, ಅದು ಬೇಡ. ಹೂವು ಒಣಗುತ್ತಾ ಬಂದಂತೆ ಅಲೆಗಳನ್ನು ಹೀರಲು ನೀರೇ ಉಳಿಯುವುದಿಲ್ಲ. ಆಗ ಶಕ್ತಿ ಮ್ಯಾಗ್ನೆಟ್ರಾನ್‌ಗೇ ಮರಳಿ ಅದಕ್ಕೆ ಹಾನಿಯಾದೀತು. ಒಲೆಯ ಮೂಲೆಯಲ್ಲಿ ಒಂದು ಬಟ್ಟಲು ನೀರಿಡುವುದು ಇದಕ್ಕಾಗಿ. ಒಲೆಯನ್ನು ಬಿಟ್ಟು ಆಚೀಚೆ ಹೋಗಬೇಡಿ. ಒಣ ಕಾಗದಕ್ಕೆ ಬೆಂಕಿ ಹತ್ತಲು ಹೆಚ್ಚು ಹೊತ್ತು ಬೇಡ.

ತೆಳು ದಳದ ಕಾಸ್ಮೋಸ್, ಶಂಖಪುಷ್ಪ, ಕಾಗದದ ಹೂವುಗಳು ಸುಲಭ. ದಾಸವಾಳ, ಗುಲಾಬಿ, ಚೆಂಡುಹೂವುಗಳನ್ನು ದಳ ಬಿಡಿಸಿಯೇ ಒತ್ತಬೇಕು. ಚೆಂಡುಹೂವಿನ ಹಳದಿ ಕೆರೊಟಿನಾಯ್ಡ್‌ಗಳದ್ದು, ಚೆನ್ನಾಗಿ ಉಳಿಯುತ್ತದೆ. ದಾಸವಾಳದ ಕೆಂಪೂ ಶಂಖಪುಷ್ಪದ ನೀಲಿಯೂ ಆಂಥೋಸಯನಿನ್‌ಗಳವು; ಕೋಶದ ಆಮ್ಲೀಯತೆ ಬದಲಾದರೆ ಇವುಗಳ ಛಾಯೆಯೂ ಬದಲಾಗುತ್ತದೆ. ಅತಿಯಾಗಿ ಬಿಸಿಯಾದ ಎಲೆಯ ಹರಿತ್ತು ಮೆಗ್ನೀಸಿಯಂ ಕಳೆದುಕೊಂಡು ಮಂಕಾಗುತ್ತದೆ. ಮಲ್ಲಿಗೆಯಂಥ ಬಿಳಿ ಹೂವು ಬೇಗ ಕಂದಾಗುತ್ತದೆ.

ಸಸ್ಯವಿಜ್ಞಾನಿಗಳ ಸಂಗ್ರಹಕ್ಕೆ ಈ ವಿಧಾನ ಸಲ್ಲದು. ಮೈಕ್ರೋವೇವ್ ಬಿಸಿಗೆ ಬೀಜಗಳು ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತವೆ, ಡಿಎನ್‌ಎ ಕೂಡ ಹಾಳಾಗಬಹುದು. ಒತ್ತಿಟ್ಟ ಒಂದು ಗಿಡದಿಂದ ಹಲವು ದಶಕಗಳ ನಂತರವೂ ಹೊಸ ಪ್ರಶ್ನೆಗೆ ಉತ್ತರ ಸಿಗಬೇಕಾದರೆ ಕಾಗದದ ನಡುವಿನ ನಿಧಾನದ ಒತ್ತುವಿಕೆಯೇ ಸರಿ. ಶುಭಾಶಯ ಪತ್ರಕ್ಕೆ, ಚೌಕಟ್ಟಿಗೆ, ಮಕ್ಕಳ ಶಾಲೆಯ ಪುಸ್ತಕಕ್ಕೆ ಮಾತ್ರ ಒಲೆಯನ್ನು ಧಾರಾಳವಾಗಿ ಬಳಸಿ. ಹೂವಿನ ಪಕ್ಕದಲ್ಲಿ ಅದರ ಹೆಸರು, ಕಿತ್ತ ಸ್ಥಳ, ದಿನಾಂಕಗಳನ್ನು ಮಕ್ಕಳಿಂದಲೇ ಬರೆಸಿ. ಅಲಂಕಾರಕ್ಕೆಂದು ಒತ್ತಿದ ಹೂವು ಆಗ ಪಾಠವೂ ಆಗುತ್ತದೆ.