ಬಂದೂಕಿನ ತುಟ್ಟಿಗೆ ತೆರಿಗೆಯೊಂದೇ ಕಾರಣವೇ?

ಬೀದರಿನಿಂದ ಜಹೀರಾಬಾದಿಗೆ ಹೋದರೆ ಮದ್ಯದ ದರ ಬೇರೆ, ಡೀಸೆಲ್ ದರ ಬೇರೆ. 1956ರಲ್ಲಿ ಜಹೀರಾಬಾದ್, ನಾರಾಯಣಖೇಡ, ತಾಂಡೂರು ಆಂಧ್ರಪ್ರದೇಶಕ್ಕೆ ಸೇರಿದ ಮೇಲೆ ಗಡಿಯವರಿಗೆ ಈ ಲೆಕ್ಕ ಬಾಯಿಪಾಠ. ಬಂದೂಕಿಗೆ ಮಾತ್ರ ಆ ಗಡಿಯಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆ ಕೇಂದ್ರದ್ದು, ಜಿಎಸ್‌ಟಿಯೂ ಎರಡು ಕಡೆ ಒಂದೇ. ರಿವಾಲ್ವರ್, ಪಿಸ್ತೂಲಿನ ಮೇಲೆ ಶೇ 28 ಇದ್ದ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇ 40 ಆಯಿತು. ಹಾಗಾದರೆ ತೆರಿಗೆಯೇ ತುಟ್ಟಿಗೆ ಕಾರಣ ಎನ್ನೋಣವೇ? 2014ರಲ್ಲಿ ಕಾನ್ಪುರದ ಸರ್ಕಾರಿ ಕಾರ್ಖಾನೆಯ 'ನಿರ್ಭೀಕ್' ರಿವಾಲ್ವರ್ ತೆರಿಗೆಯೂ ಸೇರಿ ಸುಮಾರು 1.22 ಲಕ್ಷ ರೂಪಾಯಿಗೆ ಬಂತು. ಹಳೆಯ ವಿದೇಶಿ ಪಿಸ್ತೂಲುಗಳ ಬೆಲೆಯೋ, ಅದರ ಹಲವು ಪಟ್ಟು. 1980ರ ದಶಕದ ನಡುವೆ ಸಾಮಾನ್ಯರಿಗೆ ಆಮದು ನಿಂತಿತು. ಅಂದು ದೇಶದೊಳಗಿದ್ದವೇ ಇಂದಿಗೂ ಲೈಸೆನ್ಸ್‌ದಾರರ ನಡುವೆ ಕೈ ಬದಲಾಗುತ್ತಿವೆ. ಅಂಥ ಖಾಸಗಿ ಮಾರಾಟ ವ್ಯಾಪಾರದ ಲೆಕ್ಕಕ್ಕೆ ಬಾರದ್ದರಿಂದ ಜಿಎಸ್‌ಟಿಯೂ ತಾಗದು. ತೆರಿಗೆ ಮುಟ್ಟದ ಮಾಲೇ ಹೆಚ್ಚು ತುಟ್ಟಿ!

ತೆರಿಗೆಯ ಏಟು ಕಾಲಕ್ರಮೇಣ ಸವೆಯುತ್ತದೆ, ಅಭಾವದ ಏಟು ಬಲಿಯುತ್ತದೆ. ಅಮೆರಿಕ 1934ರಲ್ಲಿ ಬಂದೂಕಿನ ಸದ್ದಡಗಿಸುವ ಸೈಲೆನ್ಸರ್ ಮೇಲೆ 200 ಡಾಲರ್ ತೆರಿಗೆ ಹಾಕಿದಾಗ ಅದು ವಸ್ತುವಿನ ಬೆಲೆಯನ್ನೇ ಮೀರಿಸಿತ್ತು. ಆದರೆ ಮೊತ್ತ ಒಂಬತ್ತು ದಶಕ ಬದಲಾಗಲಿಲ್ಲ. ಹಣದುಬ್ಬರ ಅದನ್ನು ಕರಗಿಸಿತು, 2026ರ ಜನವರಿ 1ರಿಂದ ಅದು ಸೊನ್ನೆಯಾಯಿತು. ಅದೇ ದೇಶದಲ್ಲಿ 1986ರ ನಂತರ ತಯಾರಾದ ಮಷಿನ್‌ಗನ್‌ಗಳನ್ನು ಜನರು ಕೊಳ್ಳುವಂತಿಲ್ಲ. ಹಾಗಾಗಿ ಹಳೆಯವುಗಳ ಬೆಲೆ ಗಗನಕ್ಕೇರಿದೆ. ನಮ್ಮಲ್ಲಿ ಸೈಲೆನ್ಸರ್ ನಿಷೇಧಿತ ಆಯುಧಗಳ ಸಾಲಿಗೇ ಸೇರಿರುವುದರಿಂದ ಕಾನೂನಿನೊಳಗೆ ಅದಕ್ಕೊಂದು ಬೆಲೆಯೇ ಇಲ್ಲ.

ಲೈಸೆನ್ಸ್ ಸಡಿಲಿಸಿದರೆ ಬೆಲೆ ಇಳಿದೀತು ಎನ್ನುವವರು ಕೊಡಗನ್ನು ನೋಡಬೇಕು. 1861ರಲ್ಲಿ ಬ್ರಿಟಿಷರ ಕಾಲಕ್ಕೆ ಶುರುವಾದ ವಿನಾಯಿತಿಯಿಂದ ಕೊಡವರೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರೂ ಇಂದಿಗೂ ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳಬಹುದು; 2019ರಲ್ಲಿ ಕೇಂದ್ರ ಅದನ್ನು 2029ರವರೆಗೆ ವಿಸ್ತರಿಸಿತು, 2021ರಲ್ಲಿ ಹೈಕೋರ್ಟೂ ಎತ್ತಿಹಿಡಿಯಿತು. ಅವರಿಗೆ ತಪ್ಪಿದ್ದು ಕಚೇರಿ ಅಲೆದಾಟ. ಹೊಸ ಕೋವಿ ಬೇಕೆಂದರೆ ಅವರೂ ದೇಶದ ಅದೇ ಕೆಲವೇ ತಯಾರಕರ ಮಾಲಿಗೇ ಕೈಯೊಡ್ಡಬೇಕು. ಬೆಲೆ ಹೆಚ್ಚಿದ್ದರೆ ಆಯುಧ ಕೆಟ್ಟ ಕೈ ಸೇರದು, ಅಷ್ಟು ಸಾಕಲ್ಲವೇ ಎಂಬ ವಾದವೂ ಉಂಟು. ಅದು ಅರ್ಧ ಸರಿ: ಕೊಳ್ಳುವವರ ಸಂಖ್ಯೆ ಕಡಿಮೆಯಾಗುವುದು ನಿಜ, ಆದರೆ ಬೆಲೆ ತಡೆಯುವುದು ಹಣವಿಲ್ಲದವನನ್ನು, ಅಪಾಯಕಾರಿಯನ್ನಲ್ಲ. ಅಪಾಯಕಾರಿಯನ್ನು ಗುರುತಿಸಬೇಕಾದದ್ದು ಲೈಸೆನ್ಸಿಗೆ ಮುಂಚಿನ ಪೊಲೀಸ್ ವಿಚಾರಣೆ. ಭೀಮಾತೀರದಲ್ಲಿ ಪೊಲೀಸರು ಮತ್ತೆ ಮತ್ತೆ ಹಿಡಿಯುವ ನಾಡಪಿಸ್ತೂಲಿಗೆ ಆ ವಿಚಾರಣೆಯೂ ಇಲ್ಲ, ಶೇ 40ರ ತೆರಿಗೆಯೂ ಇಲ್ಲ.