ಏಳನೇ ತಾರೀಕಿನ ಪಗಾರ

ನನ್ನ ಸಂಬಳ ಪ್ರತಿ ತಿಂಗಳು 30ಕ್ಕೆ ಅಕೌಂಟಿಗೆ ಬೀಳುತ್ತೆ. ಅವತ್ತು ಎದ್ದು ಮೊದಲು ನೋಡೋದೇ ಬ್ಯಾಂಕಿನ ಮೆಸೇಜು. ಹೋದ ವರ್ಷ ಒಂದು ತಿಂಗಳು ಅದು ಒಂದೇ ಒಂದು ದಿನ ತಡವಾಯ್ತು. ಟೀಮಿನ ಗ್ರೂಪಿನಲ್ಲಿ ಆ ದಿನವಿಡೀ ಅದೇ ಮಾತು. ಇಎಂಐ ಬೌನ್ಸ್ ಆದ್ರೆ ಯಾರು ಹೊಣೆ ಅಂತ ಎಚ್‌ಆರ್‌ಗೆ ಉದ್ದದ ಮೇಲ್ ಬರೆದವನು ನಾನೇ.

ಅದೇ ನಾನು ಮನೆಗೆಲಸದ ಅಕ್ಕನಿಗೆ ದುಡ್ಡು ಕೊಡ್ತಿದ್ದದ್ದು 7ನೇ ತಾರೀಕಿಗೆ. ಕೆಲವು ತಿಂಗಳು 9, 10. ದುಡ್ಡಿಲ್ಲ ಅಂತಲ್ಲ. ನಾಳೆ ಕಳಿಸಿದ್ರಾಯ್ತು ಅನ್ನೋ ಉದಾಸೀನ, ಅಷ್ಟೇ.

ಅಕ್ಕ ರಾಯಚೂರು ಕಡೆಯವರು. ಬೆಂಗಳೂರಿನಲ್ಲಿ ನಮ್ಮದೂ ಸೇರಿ ಐದು ಮನೆ ಕೆಲಸ. ನನ್ನೂರು ಗದಗ, ಹಾಗಾಗಿ ಅವರ ಜೊತೆ ಮಾತು ಊರಿನ ಕನ್ನಡದಲ್ಲೇ. ಎಂದೂ ಏನೂ ಕೇಳದವರು ಕಳೆದ ನವೆಂಬರ್‌ನಲ್ಲಿ ಒಂದು ಬೆಳಿಗ್ಗೆ ಬಾಗಿಲಲ್ಲೇ ನಿಂತು ಕೇಳಿದರು.

“ಅಣ್ಣಾರ, ಈ ಸಲ ಒಂದನೇ ತಾರೀಕಿಗೇ ಪಗಾರ ಕೊಡ್ತೀರೇನ್ರೀ?”

“ಯಾಕಕ್ಕ, ಏನರ ತೊಂದ್ರಿ ಆತೇನು?”

“ತೊಂದ್ರಿ ಏನಿಲ್ರೀ. ಮನಿ ಬಾಡಿಗಿ ಎರಡನೇ ತಾರೀಕಿಗೆ ಕೊಡಬೇಕು. ನೀವು ಕೊಡೂತನಕ ಬಡ್ಡಿಗೆ ತರ್ತೀನಿ. ಮೂರು ಸಾವಿರಕ್ಕ ಮುನ್ನೂರು.”

ನನ್ನ ಉದಾಸೀನಕ್ಕೆ ಅವರು ತಿಂಗಳಿಗೆ 300 ರೂಪಾಯಿ ಕಟ್ಟುತ್ತಿದ್ದರು. ನಾನು ಮಾತ್ರ ನನ್ನನ್ನು ಒಳ್ಳೆಯವನು ಅಂದುಕೊಂಡಿದ್ದೆ. ಕ್ರಿಸ್‌ಮಸ್‌ಗೆ ಕೇಕು, ಸೀರೆ ಕೊಟ್ಟಿದ್ದೆವು. ಹಳೇ ಮಿಕ್ಸಿ ಕೊಟ್ಟಿದ್ದೆವು. ಎಲ್ಲ ಕರುಣೆಯ ಲೆಕ್ಕದಲ್ಲೇ.

ಆ ಭಾನುವಾರ ಚರ್ಚಿನಲ್ಲಿ ಓದಿದ್ದು ನೆರೆಯವನನ್ನು ನಿನ್ನಂತೆಯೇ ಪ್ರೀತಿಸಬೇಕು ಅನ್ನೋ ಆಜ್ಞೆ. ಸಂಡೇ ಸ್ಕೂಲಿನಿಂದ ಬಾಯಿಪಾಠ. ಯೇಸು ಅದನ್ನು ಹೊಸದಾಗಿ ಹೇಳಿದ್ದಲ್ಲ, ಯಾಜಕಕಾಂಡದ 19ನೇ ಅಧ್ಯಾಯದಿಂದ ತೆಗೆದುಕೊಂಡದ್ದು ಅಂತಲೂ ಗೊತ್ತಿತ್ತು. ಆದರೆ ಆ ಅಧ್ಯಾಯವನ್ನು ಪೂರ್ತಿ ಓದಿರಲಿಲ್ಲ. ಕೋಡ್‌ನಲ್ಲಿ ಒಂದೇ ಸಾಲು ನೋಡಿ ಓಕೆ ಅಂದ್ರೆ ಬಗ್ ಗ್ಯಾರಂಟಿ, ಮೇಲಿನ ಹತ್ತು ಸಾಲೂ ಓದಬೇಕು. ಮನೆಗೆ ಬಂದು ಓದಿದೆ.

ಪ್ರೀತಿಯ ಮಾತು ಬರೋದು 18ನೇ ವಚನದಲ್ಲಿ. ಅದಕ್ಕೆ ಐದು ವಚನ ಮೊದಲು, 13ರಲ್ಲಿ, ಕೂಲಿಯವನ ಕೂಲಿ ರಾತ್ರಿ ಕಳೆದು ಬೆಳಗಾಗುವವರೆಗೆ ನಿನ್ನ ಹತ್ತಿರ ಇರಬಾರದು ಎಂಬ ಕಟ್ಟಪ್ಪಣೆ. ಅದಕ್ಕೂ ಮೊದಲು, ಹೊಲದ ಅಂಚಿನ ಪೈರನ್ನು ಪೂರ್ತಿ ಕೊಯ್ಯಬೇಡ, ಬಡವರಿಗೂ ಪರದೇಶಿಗಳಿಗೂ ಬಿಡು ಎಂಬ ಮಾತು. ಆಮೇಲೆ ನ್ಯಾಯದಲ್ಲಿ ಪಕ್ಷಪಾತ ಬೇಡ ಅನ್ನೋದು. ಇಷ್ಟೆಲ್ಲ ದಾಟಿದ ಮೇಲೆ ಪ್ರೀತಿ. ನಾನು 13ನ್ನು ಹಾರಿ ನೇರ 18ಕ್ಕೆ ಹೋಗಿ ಕೂತಿದ್ದೆ.

ಧರ್ಮೋಪದೇಶಕಾಂಡದ 24ನೇ ಅಧ್ಯಾಯ ಕಾರಣವನ್ನೂ ಕೊಡುತ್ತೆ. ಅವನು ಬಡವ, ಆ ಕೂಲಿಯನ್ನೇ ನೆಚ್ಚಿಕೊಂಡಿದ್ದಾನೆ, ಅದಕ್ಕೇ ಹೊತ್ತು ಮುಳುಗೋದರೊಳಗೆ ಕೊಡು. ಮತ್ತಾಯ 20ರ ದ್ರಾಕ್ಷಿತೋಟದ ಸಾಮ್ಯ ನಿಮಗೂ ಗೊತ್ತಿರಬಹುದು. ಬೆಳಿಗ್ಗೆ ಬಂದವರಿಗೂ ಸಂಜೆ ಐದಕ್ಕೆ ಬಂದವರಿಗೂ ಯಜಮಾನ ಒಂದೇ ಕೂಲಿ ಕೊಡ್ತಾನೆ. ಅದು ಸರಿಯಾ ತಪ್ಪಾ ಅಂತ ಯುವಕರ ಕೂಟದಲ್ಲಿ ಎಷ್ಟು ವಾದ ಮಾಡಿದ್ದೀವೋ. ಆದರೆ ಸಂಜೆಯಾದ ಕೂಡಲೇ ಅವನು ಎಲ್ಲರನ್ನೂ ಕರೆಸಿ ಅವತ್ತೇ ಕೂಲಿ ಕೊಡಿಸಿದ ಅನ್ನೋದನ್ನ ನಮ್ಮಲ್ಲಿ ಯಾರೂ ಗಮನಿಸಿರಲಿಲ್ಲ. ಅವನ ಧಾರಾಳತನ ನಿಂತಿದ್ದೇ ಆ ಶಿಸ್ತಿನ ಮೇಲೆ.

ಅವತ್ತು ರಾತ್ರಿಯೇ ಬ್ಯಾಂಕಿನ ಆ್ಯಪ್ ತೆಗೆದು, ಪ್ರತಿ ತಿಂಗಳು 1ನೇ ತಾರೀಕಿಗೆ ಅಕ್ಕನ ಅಕೌಂಟಿಗೆ ತಾನಾಗಿಯೇ ದುಡ್ಡು ಹೋಗೋ ಹಾಗೆ ಮಾಡಿದೆ. ಐದು ನಿಮಿಷ ಹಿಡಿಯಿತು. 14 ತಿಂಗಳಿಂದ ಆ ಐದು ನಿಮಿಷ ನನಗೆ ಸಿಕ್ಕಿರಲಿಲ್ಲ. ಊರಿಗೆ ಹೋದ ದಿನಗಳ ಪಗಾರ ಕತ್ತರಿಸೋದನ್ನೂ ನಿಲ್ಲಿಸಿದೆವು. ನಮ್ಮ ರಜೆಗೆ ಆಫೀಸು ಸಂಬಳ ಕೊಡುತ್ತೆ ತಾನೇ?

ನಿಮ್ಮ ಮನೆಯಲ್ಲಿ ಎಷ್ಟನೇ ತಾರೀಕಿಗೆ ಕೊಡ್ತೀರಿ? ಇದನ್ನು ಓದ್ತಿರೋ ಫೋನಿನಲ್ಲೇ ನೋಡಬಹುದು.

ಉಳಿದದ್ದು ಹಳೇ ಬಾಕಿ. 14 ತಿಂಗಳು, ತಿಂಗಳಿಗೆ 300, ಒಟ್ಟು 4,200. ಕವರಿನಲ್ಲಿ ಹಾಕಿ ಕೊಟ್ಟೆ.

“ಕ್ರಿಸ್‌ಮಸ್ ಹಬ್ಬದ್ದೇನ್ರೀ ಇದು?”

“ಇಲ್ಲಕ್ಕ, ಇದು ನಿಮ್ಮ ರೊಕ್ಕ. ಬಡ್ಡಿ ಕಟ್ಟಿದ್ದು. ಕೊಡೋದು ತಡ ಆತು.”

ಅಕ್ಕ ಅಲ್ಲೇ ನಿಂತು ಎಣಿಸಿದರು. ಮೂರು ನೋಟು ತೆಗೆದು ಟೇಬಲ್ ಮೇಲಿಟ್ಟರು.

“ದಸರಾ ತಿಂಗಳು ಬಡ್ಡಿಗೆ ತಂದಿರಲಿಲ್ರೀ.”

ಅಂದು, ಪೊರಕೆ ತಗೊಂಡು ಒಳಗೆ ಹೋದರು.